ಶಾ ಪ್ರಶಸ್ತಿ ಅಂದರೆ ಏನು?

ಖಗೋಳ ವಿಜ್ಞಾನ, ಜೀವವಿಜ್ಞಾನ ಮತ್ತು ವೈದ್ಯಕೀಯ, ಗಣಿತ. ಈ ಮೂರು ವಿಭಾಗಗಳಿಗೆ ಹಾಂಗ್‌ಕಾಂಗ್‌ನಿಂದ ಪ್ರತಿವರ್ಷ ಕೊಡುವ ಅಂತರರಾಷ್ಟ್ರೀಯ ಬಹುಮಾನವೇ ಶಾ ಪ್ರಶಸ್ತಿ. ಅಲ್ಲಿನ ಸಿನಿಮಾ ದೊರೆ ರನ್ ರನ್ ಶಾ 2002ರಲ್ಲಿ ಇದನ್ನು ಶುರು ಮಾಡಿದರು. ಮೊದಲು ಕೊಟ್ಟಿದ್ದು 2004ರಲ್ಲಿ. ಈಗ ಒಂದೊಂದು ವಿಭಾಗಕ್ಕೂ 12 ಲಕ್ಷ ಅಮೆರಿಕನ್ ಡಾಲರ್.

ಇದನ್ನು 'ಪೂರ್ವದ ನೊಬೆಲ್' ಅಂತಾರೆ. ನನಗೆ ಆ ಹೆಸರು ಅಷ್ಟು ಹಿಡಿಸಲ್ಲ. ಖಗೋಳಕ್ಕೆ, ಗಣಿತಕ್ಕೆ ಅಂತ ನೊಬೆಲ್‌ನಲ್ಲಿ ಬೇರೆ ಬಹುಮಾನವೇ ಇಲ್ಲ, ಅಲ್ವಾ? ಖಗೋಳದ ಮೊದಲ ಶಾ ಪ್ರಶಸ್ತಿ ಪಡೆದ ಜೇಮ್ಸ್ ಪೀಬಲ್ಸ್‌ಗೆ ನೊಬೆಲ್ ಬಂದಿದ್ದು 2019ರಲ್ಲಿ, ಅದೂ ಭೌತವಿಜ್ಞಾನದ ಲೆಕ್ಕದಲ್ಲಿ.

ನಮಗೆ ಹತ್ತಿರದ್ದು 2024ರ ಪಟ್ಟಿ. ಖಗೋಳದ ಬಹುಮಾನ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಅವರಿಗೆ. 1982ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಸೆಕೆಂಡಿಗೆ ಸುಮಾರು 642 ಸುತ್ತು ಹಾಕುವ ಪಲ್ಸಾರ್ (ಗಿರಗಿರ ತಿರುಗುತ್ತ ರೇಡಿಯೋ ಅಲೆ ಸೂಸುವ, ಸತ್ತ ನಕ್ಷತ್ರದ ತಿರುಳು) ಪತ್ತೆ ಮಾಡಿದ ತಂಡದಲ್ಲಿ ಅವರಿದ್ದರು. ಆಷಾಢದ ಮಡಿಕೇರಿಯಲ್ಲಿ ನಕ್ಷತ್ರ ಬಿಡಿ, ಎದುರು ಮನೆಯೂ ಕಾಣಲ್ಲ. ಆದರೆ ಅವರು ಪಲ್ಸಾರ್ ಹಿಡಿದದ್ದು ರೇಡಿಯೋ ದೂರದರ್ಶಕದಿಂದ, ಅದಕ್ಕೆ ಮೋಡದ ಹಂಗಿಲ್ಲ.

ಅದೇ ವರ್ಷ ವೈದ್ಯಕೀಯದ ಬಹುಮಾನ ಸ್ವೀ ಲೇ ಥೀನ್ ಮತ್ತು ಸ್ಟುವರ್ಟ್ ಆರ್ಕಿನ್ ಅವರಿಗೆ ಬಂತು. ಕೊಡಗಿನವರು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ನಮ್ಮ ಜೇನುಕುರುಬರ, ಯರವರ ಹಾಡಿಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಬೆನ್ನು, ಎದೆ ತಡೆಯಲಾರದಷ್ಟು ನೋಯುತ್ತದೆ. ಆದರೆ ಈ ಕಾಯಿಲೆ ಇರುವ ಮಗುವೂ ಹುಟ್ಟಿದ ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತದೆ. ಯಾಕೆ? ಹೊಟ್ಟೆಯೊಳಗಿದ್ದಾಗಿನ ಹಿಮೋಗ್ಲೋಬಿನ್ ಇನ್ನೂ ರಕ್ತದಲ್ಲಿ ಉಳಿದಿರುತ್ತದೆ. ಅದು ಕಣವನ್ನು ಬಾಗಲು ಬಿಡುವುದಿಲ್ಲ. ಆಮೇಲೆ ದೇಹ ಅದರ ತಯಾರಿಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ನಿಲ್ಲಿಸುವುದರಲ್ಲಿ ಬಿಸಿಎಲ್11ಎ ಎಂಬ ಜೀನ್‌ನದು ದೊಡ್ಡ ಕೈ. ಇದನ್ನು ಬಿಡಿಸಿ ತೋರಿಸಿದ್ದೇ ಇವರಿಬ್ಬರ ಸಾಧನೆ.

ರೋಗಿಯದೇ ಕಾಂಡಕೋಶ, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ ತೆಗೆದು, ಆ ಜೀನ್‌ನ ಪ್ರಭಾವ ತಗ್ಗಿಸಿ ಮತ್ತೆ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟವು. ಬೆಲೆ ಮಾತ್ರ ಕೋಟಿಗಳಲ್ಲಿ. ಹಾಡಿಯವರಿಗೆ ಅದು ಸದ್ಯಕ್ಕೆ ದೂರದ ಮಾತು. ಈಗ ಬಳಕೆಯಲ್ಲಿರುವುದು ಹೈಡ್ರಾಕ್ಸಿಯೂರಿಯಾ ಮಾತ್ರೆ. ಅದು ಮುಖ್ಯವಾಗಿ ಮಾಡುವುದೂ ಇದನ್ನೇ, ಆ ಹಳೇ ಹಿಮೋಗ್ಲೋಬಿನ್ನನ್ನು ಜಾಸ್ತಿ ಮಾಡುವುದು.