ಬೆಂಕಿ ರೋಗ ಬಂದ ದಾರಿ

2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಗೋಧಿ ತೆನೆಗಳು ಕಾಳು ಗಟ್ಟಿಯಾಗುವ ಮೊದಲೇ ಬಿಳಿಚಿಕೊಂಡು ಒಣಗಿದವು. ಸುಮಾರು 15,000 ಹೆಕ್ಟೇರ್‌ಗೆ ಪೆಟ್ಟು ಬಿತ್ತು. ಅದು ಶಿಲೀಂಧ್ರದಿಂದ (ಬೂಷ್ಟಿನ ಜಾತಿಯ ಜೀವಿ) ಬರುವ ಗೋಧಿಯ ಬೆಂಕಿ ರೋಗ. ಏಷ್ಯಾದ ಹೊಲಗಳಿಗೆ ತೀರಾ ಹೊಸದು.

ಇಂಥ ಹೊತ್ತಿನಲ್ಲಿ ‘ಶತ್ರುಗಳ ಕೈವಾಡ’ ಎಂಬ ಗಾಳಿಮಾತು ಬೇಗ ಹಬ್ಬುತ್ತದೆ. ಆ ಭಯಕ್ಕೆ ಆಧಾರವೇ ಇಲ್ಲ ಎನ್ನುವಂತಿಲ್ಲ. 1951ರಿಂದ 1969ರ ನಡುವೆ ಅಮೆರಿಕ 30,000 ಕಿಲೋಗೂ ಜಾಸ್ತಿ ಗೋಧಿ ತುಕ್ಕು ರೋಗದ ಬೀಜಕಣಗಳನ್ನು ಕೂಡಿಟ್ಟಿತ್ತು. ಶತ್ರು ದೇಶದ ಅನ್ನಕ್ಕೇ ಕೈ ಹಾಕುವ ಲೆಕ್ಕಾಚಾರ ಅದು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಅದನ್ನು ನಿಲ್ಲಿಸಿದರು.

ಆದರೆ ಊಹೆ ಸಾಕ್ಷಿಯಲ್ಲ, ಅಲ್ವಾ? ಬಾಂಗ್ಲಾದೇಶದ ರೋಗದ ಶಿಲೀಂಧ್ರದ ಜೀನೋಮ್, ಅಂದರೆ ಇಡೀ ವಂಶವಾಹಿ ಮಾಹಿತಿಯನ್ನು ವಿಜ್ಞಾನಿಗಳು ಮುಚ್ಚಿಡದೆ ಎಲ್ಲರ ಮುಂದಿಟ್ಟರು. ಅದು ದಕ್ಷಿಣ ಅಮೆರಿಕದ ತಳಿ ಎಂದು ಬೇಗ ಗೊತ್ತಾಯಿತು. 1985ರಲ್ಲಿ ಬ್ರೆಜಿಲ್‌ನಲ್ಲಿ ಮೊದಲು ಕಂಡ ರೋಗವಿದು. ಆಮದು ಗೋಧಿಯ ಜೊತೆ ಬಂದಿರಬಹುದು ಎನ್ನುವುದೇ ಬಲವಾದ ಅಂದಾಜು. ಜೀನೋಮ್ ಊರನ್ನು ಹೇಳುತ್ತದೆ, ಉದ್ದೇಶವನ್ನು ಹೇಳುವುದಿಲ್ಲ.

ಉದ್ದೇಶ ಪತ್ತೆಯಾಗಬೇಕಾದರೆ ರೋಗದ ಮಾಮೂಲಿ ದಾರಿ ಗೊತ್ತಿರಬೇಕು. ಗೋಧಿಯ ತುಕ್ಕು ರೋಗದ ಮಟ್ಟಿಗೆ ಆಗ್ರಾದ ಸಸ್ಯರೋಗ ವಿಜ್ಞಾನಿ ಕೆ.ಸಿ. ಮೆಹ್ತಾ ಹಿಂದೆಯೇ ಈ ಕೆಲಸ ಮಾಡಿದ್ದರು. ನಮ್ಮ ಉತ್ತರ ಕರ್ನಾಟಕದ ರೈತರು ಭಂಡಾರ ರೋಗ ಎನ್ನುವ ಈ ತುಕ್ಕು, ಬಯಲಿನ ಸುಡುಬೇಸಿಗೆಯಲ್ಲಿ ಬದುಕುವುದಿಲ್ಲ. ತಂಪು ಬೆಟ್ಟಗಳಲ್ಲಿ ಉಳಿದು, ಗಾಳಿಯಲ್ಲಿ ಮತ್ತೆ ಕೆಳಗಿಳಿಯುತ್ತದೆ ಎಂದು ಅವರು ತೋರಿಸಿದರು. ದಕ್ಷಿಣಕ್ಕೆ ಆ ಬೆಟ್ಟಗಳು ನೀಲಗಿರಿ ಮತ್ತು ಪಳನಿ. ಎಂಥ ಚಂದದ ಪತ್ತೇದಾರಿ! ಈ ದಾರಿ ಬಿಟ್ಟು, ಕಾಲ ಬಿಟ್ಟು, ದೂರದೂರದ ಹೊಲಗಳಲ್ಲಿ ಒಟ್ಟಿಗೇ ರೋಗ ಎದ್ದರೆ ಆಗ ಅನುಮಾನಪಡಬೇಕು.

ತೊಂದರೆಯೆಂದರೆ, ಭೂಮಿ ಬಿಸಿಯಾದಂತೆ ಮಾಮೂಲಿ ದಾರಿಯೇ ಬದಲಾಗುತ್ತದೆ. ಬೆಂಕಿ ರೋಗಕ್ಕೆ 25ರಿಂದ 30 ಡಿಗ್ರಿ ಸೆಖೆ, ಒದ್ದೆ ತೆನೆ ಸಿಕ್ಕರೆ ಹಬ್ಬ. ಬೆಳೆಯ ರಕ್ಷಣೆಯೂ ಸಡಿಲವಾಗುತ್ತದೆ. ಗೋಧಿಯಲ್ಲಿ ಎಸ್‌ಆರ್6 ಎಂಬ ತುಕ್ಕು ನಿರೋಧಕ ಜೀನ್ ಇದೆ. 20 ಡಿಗ್ರಿ ಆಸುಪಾಸಿನಲ್ಲಿ ಅದು ರೋಗವನ್ನು ತಡೆಯುತ್ತದೆ. 25 ದಾಟಿದರೆ, ಸೆಖೆಗೆ ತೂಕಡಿಸುವ ಕಾವಲುಗಾರನ ಹಾಗೆ, ಜೀನ್ ಇದ್ದೂ ಇಲ್ಲದಂತೆ. ತಳಿ ಅದೇ, ಬೀಜ ಅದೇ, ಆದರೂ ರೋಗ ಬರುತ್ತದೆ. ಇದನ್ನು ನೋಡಿದವರಿಗೆ ಯಾರೋ ಹೊಸ ರೋಗ ತಂದು ಬಿಟ್ಟರು ಅನ್ನಿಸಿಬಿಡಬಹುದು.

ಹಾಗಾಗಿ ಮೆಹ್ತಾ ಅವರ ನಕ್ಷೆಯನ್ನು ಈಗಿನ ಹವೆಗೆ ತಕ್ಕಂತೆ ಮತ್ತೆ ಮತ್ತೆ ಬರೆಯಬೇಕು. ಪ್ರತಿ ಹಂಗಾಮಿನಲ್ಲೂ ಹೊಲ ಸುತ್ತಿ ಮಾದರಿ ತರುವವರು ಬೇಕು, ಅವರಿಗೆ ಸಂಬಳ ಬೇಕು. ರೋಗ ಕಂಡ ರೈತ ಹೆದರದೆ ಮೊದಲ ದಿನವೇ ತಿಳಿಸುವಂತಿರಬೇಕು.