ಯುರೇನಸ್ ಬಗ್ಗೆ ನಮಗೆ ಗೊತ್ತಿರುವುದು ಎಲ್ಲಿಂದ ಬಂತು?

ಹಾಸನದ ಹೈಸ್ಕೂಲ್ ಮಕ್ಕಳ ವಿಜ್ಞಾನ ಕ್ವಿಜ್‌ನಲ್ಲಿ ಯುರೇನಸ್ ಮೇಲೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೆ ಎಷ್ಟು ಚಂದ್ರರು? ಮನೆಯಲ್ಲಿರುವ ಹಳೆಯ ಪುಸ್ತಕ ತೆಗೆದರೆ 15. ಆಮೇಲಿನ ಗೈಡ್‌ನಲ್ಲಿ 27. ಮೊಬೈಲ್‌ನಲ್ಲಿ ಹುಡುಕಿದರೆ ಒಂದು ಕಡೆ 28, ಇನ್ನೊಂದು ಕಡೆ 29. ಯಾವುದು ಬರೀಬೇಕು ಅಂತ ಮಕ್ಕಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಾಲ್ಕೂ ಒಂದೊಂದು ಕಾಲಕ್ಕೆ ಸರಿ ಉತ್ತರವೇ ಆಗಿದ್ದವು. ಈಗಿನ ಲೆಕ್ಕ 29.

ಬದಲಾಗಿದ್ದು ಚಂದ್ರರ ಲೆಕ್ಕ ಒಂದೇ ಅಲ್ಲ. ಯುರೇನಸ್‌ನ ದಿನ ಎಷ್ಟು ಉದ್ದ, ಅದರ ಒಳಗೆ ಬಿಸಿ ಇದೆಯೋ ಇಲ್ಲವೋ, ಅದರ ಕಾಂತಕ್ಷೇತ್ರ ಹೇಗಿದೆ, ಈ ಎಲ್ಲಕ್ಕೂ ಕಳೆದ ಎರಡು ಮೂರು ವರ್ಷಗಳಲ್ಲಿ ತಿದ್ದುಪಡಿ ಬಂದಿದೆ. ಇಷ್ಟು ದೊಡ್ಡ ಗ್ರಹದ ಬಗ್ಗೆ ಪಾಠದಲ್ಲಿ ನಾವು ಓದುವ ಎಷ್ಟೋ ಸಂಗತಿಗಳು ಒಂದೇ ಒಂದು ನೌಕೆ ಒಂದೇ ಸಲ ಹಾದುಹೋದಾಗ ಸಿಕ್ಕವು. ಈ ಮಾತು ಪಾಠದಲ್ಲೇ ಬರಬೇಕಿತ್ತು ಅಂತ ನನ್ನ ಅನಿಸಿಕೆ. ಯಾವ ಸಂಗತಿ ಹೇಗೆ ಗೊತ್ತಾಯಿತು ಅಂತ ಹೇಳಿಕೊಟ್ಟರೆ, ಅದು ಬದಲಾದಾಗ ಮಕ್ಕಳಿಗೆ ಗಲಿಬಿಲಿ ಆಗುವುದಿಲ್ಲ.

ಮೊದಲು ದೂರದ ಮಾತು. ಸೂರ್ಯನಿಂದ ಯುರೇನಸ್ ಸುಮಾರು 287 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಅಂದರೆ ಭೂಮಿಗೂ ಸೂರ್ಯನಿಗೂ ಇರುವ ದೂರದ 19 ಪಟ್ಟು. ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಇಸ್ರೋದವರು 1982ರಿಂದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದ್ದಾರೆ. ಅವು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಯುರೇನಸ್ ಅದಕ್ಕಿಂತ ಸುಮಾರು 80 ಸಾವಿರ ಪಟ್ಟು ದೂರ. ಎಂಸಿಎಫ್‌ನ ಡಿಶ್‌ನಿಂದ ಹೊರಟ ಸಂದೇಶ ಉಪಗ್ರಹ ಮುಟ್ಟಲು ಒಂದು ಸೆಕೆಂಡೂ ಬೇಡ. ಯುರೇನಸ್ ಪಕ್ಕದಲ್ಲಿರುವ ನೌಕೆಗೆ ಒಂದು ಮಾತು ಕಳಿಸಿ ಉತ್ತರ ಪಡೆಯಬೇಕಾದರೆ ಐದು ಗಂಟೆಗಿಂತ ಜಾಸ್ತಿ ಕಾಯಬೇಕು.

ಇಷ್ಟು ದೂರ ಇರುವುದರಿಂದಲೇ ನಮ್ಮ ಹಿರಿಯರ ಲೆಕ್ಕಕ್ಕೆ ಅದು ಸಿಗಲಿಲ್ಲ. ಗುಡಿಗಳಲ್ಲಿ ನಾವು ಸುತ್ತು ಹಾಕುವ ನವಗ್ರಹಗಳಲ್ಲಿ ಶನಿಯೇ ಕೊನೆಯ ನಿಜವಾದ ಗ್ರಹ. ರಾಹು ಕೇತುಗಳು ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಬಿಂದುಗಳು. ಶನಿಯ ಆಚೆ ಇನ್ನೊಂದು ಇದೆ ಎಂದು ಜಗತ್ತಿನ ಯಾವ ಮೂಲೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ.

ನೋಡಿದವರು ಮಾತ್ರ ಇದ್ದರು. 1690ರಲ್ಲಿ ಇಂಗ್ಲೆಂಡಿನ ಜಾನ್ ಫ್ಲ್ಯಾಮ್‌ಸ್ಟೀಡ್ ಇದನ್ನು ವೃಷಭ ಪುಂಜದ 34ನೇ ನಕ್ಷತ್ರ ಅಂತ ಪಟ್ಟಿಗೆ ಸೇರಿಸಿದ್ದರು. ಫ್ರಾನ್ಸಿನ ಪಿಯರ್ ಲೆಮೊನಿಯೆ ಹಲವು ಬಾರಿ ನೋಡಿಯೂ ನಕ್ಷತ್ರ ಎಂದೇ ಬರೆದಿಟ್ಟರು. ನಿಧಾನವಾಗಿ ಸರಿಯುವ ಮಂಕು ಚುಕ್ಕಿ ಗ್ರಹ ಇರಬಹುದು ಅಂತ ಹೊಳೆಯಬೇಕಾದರೆ, ಹೊಸ ಗ್ರಹ ಇರಲು ಸಾಧ್ಯ ಎಂಬ ಯೋಚನೆಯೇ ಮೊದಲು ಬರಬೇಕಲ್ವಾ?

ವಿಲಿಯಂ ಹರ್ಷೆಲ್‌ಗೂ ಆ ಯೋಚನೆ ಬರಲಿಲ್ಲ. ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿ, ಇಂಗ್ಲೆಂಡಿನ ಬಾತ್ ಊರಲ್ಲಿ ಸಂಗೀತ ಕಲಿಸಿಕೊಂಡು, ಚರ್ಚಿನಲ್ಲಿ ಆರ್ಗನ್ ನುಡಿಸಿಕೊಂಡು ಇದ್ದವರು ಅವರು. ದೂರದರ್ಶಕದ ಕನ್ನಡಿಗಳನ್ನು ಮನೆಯಲ್ಲೇ ಉಜ್ಜಿ ತಯಾರಿಸುತ್ತಿದ್ದರು. ತಂಗಿ ಕ್ಯಾರೊಲಿನ್ ಜೊತೆಗಿದ್ದು ಈ ಕೆಲಸಕ್ಕೆ ಹೆಗಲು ಕೊಡುತ್ತಿದ್ದರು. ಮುಂದೆ ಅವರೂ ಹಲವು ಧೂಮಕೇತುಗಳನ್ನು ಕಂಡುಹಿಡಿದು ಹೆಸರು ಮಾಡಿದರು.

1781ರ ಮಾರ್ಚ್ 13ರ ರಾತ್ರಿ ಮನೆಯ ಹಿತ್ತಲಿನಿಂದ ನೋಡುತ್ತಿದ್ದಾಗ ಹರ್ಷೆಲ್‌ಗೆ ಒಂದು ಚುಕ್ಕಿ ಉಳಿದವುಗಳಿಗಿಂತ ದಪ್ಪ ಕಂಡಿತು. ಅವರು ಹೆಚ್ಚು ಶಕ್ತಿಯ ಕಣ್ಣುಮಸೂರ ಹಾಕಿದರು. ಎಷ್ಟು ಹಿಗ್ಗಿಸಿದರೂ ನಕ್ಷತ್ರ ಚುಕ್ಕಿಯಾಗಿಯೇ ಉಳಿಯುತ್ತದೆ. ಇದು ಹಿಗ್ಗಿಸಿದಷ್ಟೂ ದೊಡ್ಡದಾಯಿತು. ನಾಲ್ಕು ದಿನ ಬಿಟ್ಟು ನೋಡಿದಾಗ ಜಾಗ ಬದಲಿಸಿತ್ತು. ಹರ್ಷೆಲ್ ಅದನ್ನು ಧೂಮಕೇತು ಎಂದು ಇಂಗ್ಲೆಂಡಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ವರದಿ ಮಾಡಿದರು. ಆದರೆ ಧೂಮಕೇತುವಿನ ಬಾಲ ಬರಲಿಲ್ಲ, ಮಬ್ಬೂ ಇರಲಿಲ್ಲ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಆಂಡರ್ಸ್ ಲೆಕ್ಸೆಲ್ ದಾರಿಯ ಲೆಕ್ಕ ಹಾಕಿದಾಗ, ಅದು ಶನಿಗಿಂತ ಬಹಳ ಆಚೆ, ಹೆಚ್ಚುಕಡಿಮೆ ವೃತ್ತಾಕಾರದಲ್ಲಿ ಸೂರ್ಯನನ್ನು ಸುತ್ತುತ್ತಿದೆ ಎಂದು ಗೊತ್ತಾಯಿತು. ಸೌರಮಂಡಲದ ಅಗಲ ಒಂದೇಟಿಗೆ ಎರಡರಷ್ಟಾಯಿತು. ರಾಜ ಮೂರನೇ ಜಾರ್ಜ್ ಹರ್ಷೆಲ್‌ಗೆ ವರ್ಷಕ್ಕೆ 200 ಪೌಂಡ್ ಸಂಬಳ ಗೊತ್ತು ಮಾಡಿದರು. ಸಂಗೀತ ಪಾಠ ಅಲ್ಲಿಗೆ ನಿಂತಿತು.

ಆಗ ನಮ್ಮ ಸೀಮೆಯಲ್ಲಿ ಹೈದರಾಲಿಯ ಆಳ್ವಿಕೆ. ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ಇನ್ನೂ ಕಟ್ಟಿರಲಿಲ್ಲ. ಅದು ಟಿಪ್ಪು ಕಾಲದ್ದು. ಇದನ್ನು ಯಾಕೆ ಹೇಳುತ್ತೇನೆಂದರೆ, ಯುರೇನಸ್ ಸೂರ್ಯನನ್ನು ಒಂದು ಸುತ್ತು ಬರಲು 84 ವರ್ಷ ಬೇಕು. ಪತ್ತೆಯಾದ ಮೇಲೆ ಮೊದಲ ಸುತ್ತು ಮುಗಿದಿದ್ದು 1865ರಲ್ಲಿ. ಎರಡನೆಯದು 1949ರಲ್ಲಿ. ಮೂರನೆಯದು ಮುಗಿಯುವುದು 2033ಕ್ಕೆ. ಕೋಟೆ ಹಳೆಯದಾಗಿ ಪಾಳು ಬಿದ್ದರೂ, ಯುರೇನಸ್ ಲೆಕ್ಕದಲ್ಲಿ ಇನ್ನೂ ಮೂರು ವರ್ಷ ಕಳೆದಿಲ್ಲ.

ಮುಂದಿನ ಇನ್ನೂರು ವರ್ಷ ಹೊಸ ಸಂಗತಿಗಳು ಬಹಳ ನಿಧಾನವಾಗಿ ಬಂದವು. 1787ರಲ್ಲಿ ಹರ್ಷೆಲ್ ಅವರೇ ಟೈಟಾನಿಯಾ, ಓಬೆರಾನ್ ಎಂಬ ಎರಡು ಚಂದ್ರರನ್ನು ಕಂಡರು. 1851ರಲ್ಲಿ ವಿಲಿಯಂ ಲ್ಯಾಸೆಲ್ ಏರಿಯಲ್, ಅಂಬ್ರಿಯಲ್ ಪತ್ತೆ ಮಾಡಿದರು. ಐದನೆಯದಾದ ಮಿರಾಂಡಾ ಸಿಗಲು 1948 ಬರಬೇಕಾಯಿತು. ಈ ಚಂದ್ರರು ಸುತ್ತುವ ರೀತಿ ಎಲ್ಲರಿಗೂ ವಿಚಿತ್ರ ಅನಿಸಿತ್ತು. ಉಳಿದ ಗ್ರಹಗಳ ದೊಡ್ಡ ಚಂದ್ರರ ಹಾಗೆ ಇವು ಗ್ರಹದ ದಾರಿಯ ಮಟ್ಟದಲ್ಲಿ ಸುತ್ತುತ್ತಿರಲಿಲ್ಲ. ಹೆಚ್ಚುಕಡಿಮೆ ಅದಕ್ಕೆ ನೆಟ್ಟಗೆ, ಮೇಲೆ ಕೆಳಗೆ ಸುತ್ತುತ್ತಿದ್ದವು. ಗ್ರಹವೇ ಅಡ್ಡ ಮಲಗಿ ತಿರುಗುತ್ತಿದೆ ಎಂಬುದಕ್ಕೆ ಅದೇ ಸುಳಿವು. ಭೂಮಿಯ ಅಕ್ಷದ ವಾಲಿಕೆ 23.5 ಡಿಗ್ರಿ. ಯುರೇನಸ್‌ನದು ಸುಮಾರು 98 ಡಿಗ್ರಿ. ಹಾಗಾಗಿ ಅದರ ಒಂದು ಧ್ರುವಕ್ಕೆ 42 ವರ್ಷ ಹಗಲು, ಆಮೇಲೆ 42 ವರ್ಷ ರಾತ್ರಿ. ಒಂದೊಂದು ಋತು 21 ವರ್ಷ. ಬಹಳ ಹಿಂದೆ ಭೂಮಿಗಿಂತ ದೊಡ್ಡ ಕಾಯವೊಂದು ಡಿಕ್ಕಿ ಹೊಡೆದು ಹೀಗಾಯಿತು ಎನ್ನುವುದು ಹೆಚ್ಚು ಜನ ಒಪ್ಪುವ ವಿವರಣೆ. ಆದರೆ ಅದಿನ್ನೂ ಸಾಬೀತಾಗಿಲ್ಲ.

ಹತ್ತೊಂಬತ್ತನೇ ಶತಮಾನದ ಇನ್ನೊಂದು ದೊಡ್ಡ ಸಂಗತಿ ನೆಪ್ಚೂನ್. ಯುರೇನಸ್ ಲೆಕ್ಕ ಹಾಕಿದ ದಾರಿಯಲ್ಲಿ ಸರಿಯಾಗಿ ಹೋಗುತ್ತಿರಲಿಲ್ಲ. ಆಚೆಯಿಂದ ಯಾವುದೋ ಎಳೆಯುತ್ತಿದೆ ಎಂದು ಲೆಕ್ಕ ಹಾಕಿ ಹುಡುಕಿದಾಗ 1846ರಲ್ಲಿ ನೆಪ್ಚೂನ್ ಸಿಕ್ಕಿತು.

ಇನ್ನು 1977ರ ಮಾರ್ಚ್ 10. ನಮ್ಮ ಮಕ್ಕಳಿಗೆ ತಪ್ಪದೆ ಹೇಳಬೇಕಾದ ದಿನ ಇದು. ಆ ರಾತ್ರಿ ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ನಕ್ಷತ್ರದ ಬೆಳಕು ಮರೆಯಾಗುವ ಬಗೆ ನೋಡಿದರೆ ಗ್ರಹದ ಗಾತ್ರ, ವಾತಾವರಣ ತಿಳಿಯುತ್ತದೆ. ಅಮೆರಿಕದ ಜೇಮ್ಸ್ ಎಲಿಯಟ್ ತಂಡ ದೂರದರ್ಶಕ ಹೊತ್ತ ವಿಮಾನದಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಮೇಲೆ ಹಾರುತ್ತಿತ್ತು. ಇತ್ತ ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರಿನಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ 102 ಸೆಂಟಿಮೀಟರ್ ದೂರದರ್ಶಕದ ಮುಂದೆ ಕೂತಿದ್ದರು.

ಗ್ರಹ ಅಡ್ಡ ಬರುವ ಹೊತ್ತಿಗೆ ಇನ್ನೂ ಅರ್ಧ ಗಂಟೆಗೂ ಮೇಲೆ ಸಮಯವಿತ್ತು. ಆಗಲೇ ವಿಮಾನದಲ್ಲಿದ್ದವರಿಗೆ ನಕ್ಷತ್ರದ ಬೆಳಕು ಕ್ಷಣಕಾಲ ಕುಂದಿ ಮತ್ತೆ ಬಂದಿದ್ದು ಕಂಡಿತು. ಹೀಗೆ ಐದು ಸಲ. ಗ್ರಹ ದಾಟಿದ ಮೇಲೆ ಇನ್ನೊಂದು ಪಕ್ಕದಲ್ಲೂ ಅದೇ ಥರ. ಕಾವಲೂರಿನಲ್ಲೂ ಬೆಳಕು ಕುಂದಿದ್ದು ದಾಖಲಾಯಿತು. ಅಲ್ಲಿನವರು ಮೊದಲು ಇದು ಹೊಸ ಚಂದ್ರ ಇರಬಹುದು ಅಂದುಕೊಂಡರು. ಎರಡೂ ಪಕ್ಕದ ಗುರುತುಗಳು ತಾಳೆಯಾದಾಗ ಉತ್ತರ ಖಚಿತವಾಯಿತು. ಯುರೇನಸ್‌ಗೆ ಉಂಗುರಗಳಿದ್ದವು. ಅಲ್ಲಿಯ ತನಕ ಉಂಗುರ ಅಂದರೆ ಶನಿಗೆ ಮಾತ್ರ. ಈಗ ಯುರೇನಸ್‌ನ ಉಂಗುರಗಳ ಲೆಕ್ಕ 13. ಶನಿಯ ಉಂಗುರಗಳ ಹಾಗೆ ಅವು ಹೊಳೆಯುವುದಿಲ್ಲ. ತೆಳ್ಳಗೆ, ಇದ್ದಿಲಿನ ಬಣ್ಣದಲ್ಲಿ ಇವೆ. ಕಾವಲೂರಿನಲ್ಲಿ ಆಮೇಲೆ ಬಂದ 1.3 ಮೀಟರ್ ದೂರದರ್ಶಕಕ್ಕೆ ಇಂದು ಭಟ್ಟಾಚಾರ್ಯರ ಹೆಸರೇ ಇದೆ. ನಮ್ಮ ಪಾಠಗಳಲ್ಲಿ ಈ ಕಥೆ ಒಂದು ಸಾಲಾದರೂ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಅದೇ 1977ರ ಆಗಸ್ಟ್‌ನಲ್ಲಿ ಅಮೆರಿಕದ ವಾಯೇಜರ್ 2 ನೌಕೆ ಹೊರಟಿತು. 1986ರ ಜನವರಿ 24ರಂದು ಯುರೇನಸ್‌ನ ಮೋಡಗಳಿಂದ ಸುಮಾರು 81,500 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಅಲ್ಲಿ ಬಿಸಿಲು ನಮ್ಮಲ್ಲಿನ ಬಿಸಿಲಿನ ಸುಮಾರು 370ನೇ ಒಂದು ಭಾಗ. ಹಾಗಾಗಿ ಕ್ಯಾಮೆರಾ ಜಾಸ್ತಿ ಹೊತ್ತು ತೆರೆದಿರಬೇಕು. ಆ ಹೊತ್ತಿನಲ್ಲಿ ನೌಕೆ ಓಡುತ್ತಲೇ ಇರುವುದರಿಂದ ಚಿತ್ರ ಮಸುಕಾಗುತ್ತದೆ. ಇದಕ್ಕಾಗಿ ಎಂಜಿನಿಯರ್‌ಗಳು ಇಡೀ ನೌಕೆಯನ್ನೇ ಗುರಿಯ ಕಡೆ ನಿಧಾನವಾಗಿ ತಿರುಗಿಸುತ್ತಾ ಚಿತ್ರ ತೆಗೆಸಿದರು. ನೌಕೆಯ ಕಂಪ್ಯೂಟರ್‌ಗೆ ದಾರಿಯಲ್ಲೇ ಹೊಸ ಪ್ರೋಗ್ರಾಮ್ ಕಳಿಸಿದರು. ಕ್ಷೀಣವಾದ ಸಿಗ್ನಲ್ ಹಿಡಿಯಲು ಆಸ್ಟ್ರೇಲಿಯಾದ ದೊಡ್ಡ ಡಿಶ್‌ಗಳನ್ನು ಜೋಡಿಸಿದರು. ಇಷ್ಟೆಲ್ಲ ಕಷ್ಟಪಟ್ಟಿದ್ದಕ್ಕೆ ಫಲವೂ ಸಿಕ್ಕಿತು. ಹತ್ತು ಹೊಸ ಚಂದ್ರರು ಕಂಡು, ಲೆಕ್ಕ ಐದರಿಂದ 15ಕ್ಕೆ ಏರಿತು. ಹಳೆಯ ಪುಸ್ತಕದ 15 ಬಂದಿದ್ದು ಹೀಗೆ. ಮಿರಾಂಡಾ ಮೇಲೆ ಸುಮಾರು 20 ಕಿಲೋಮೀಟರ್ ಎತ್ತರದ ಕಡಿದಾದ ಬಂಡೆಗೋಡೆ ಕಂಡಿತು. ಮುಳ್ಳಯ್ಯನಗಿರಿ ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಕಮ್ಮಿ. ಅಂಥ ಹತ್ತು ಬೆಟ್ಟ ಒಂದರ ಮೇಲೊಂದು ಇಟ್ಟಷ್ಟು ಎತ್ತರ ಅದು.

ಆದರೆ ಎಲ್ಲವೂ ಒಂದೇ ಭೇಟಿಯಲ್ಲಿ ಮುಗಿಯಿತು. ಆಗ ಗ್ರಹದ ದಕ್ಷಿಣ ಧ್ರುವ ಸೂರ್ಯನ ಕಡೆ ಮುಖ ಮಾಡಿತ್ತು. ಚಂದ್ರರ ಉತ್ತರದ ಅರ್ಧ ಕತ್ತಲಲ್ಲಿತ್ತು. ಅದರ ಬಹುಪಾಲನ್ನು ಇವತ್ತಿಗೂ ಯಾರೂ ಹತ್ತಿರದಿಂದ ನೋಡಿಲ್ಲ. ಜುಲೈನಲ್ಲಿ ಒಂದು ದಿನ ಮೂಡಿಗೆರೆಗೆ ಬಂದು ಹೋದವರು ‘ಈ ಊರಲ್ಲಿ ಬಿಸಿಲೇ ಬೀಳುವುದಿಲ್ಲ’ ಅಂತ ಬರೆದರೆ ಹೇಗಿರುತ್ತದೋ, ಯುರೇನಸ್ ಬಗ್ಗೆ ಬರೆದ ಎಷ್ಟೋ ಮಾತುಗಳು ಹಾಗಿದ್ದವು.

ಕಾಂತಕ್ಷೇತ್ರವನ್ನೇ ತೆಗೆದುಕೊಳ್ಳಿ. ಅದು ತಿರುಗುವ ಅಕ್ಷಕ್ಕೆ ಸುಮಾರು 59 ಡಿಗ್ರಿ ವಾಲಿದೆ, ಗ್ರಹದ ನಡುಮಧ್ಯದಿಂದಲೂ ಪಕ್ಕಕ್ಕೆ ಸರಿದಿದೆ. ಇದು ಗಟ್ಟಿಯಾದ ಸಂಗತಿ. ಆದರೆ ಆ ಕ್ಷೇತ್ರದೊಳಗೆ ವಿದ್ಯುತ್ ಕಣಗಳ ಅನಿಲ ಬಹಳ ಕಮ್ಮಿ ಇದೆ ಎಂದೂ ವಾಯೇಜರ್ ಹೇಳಿತ್ತು. 2024ರಲ್ಲಿ ಹಳೆಯ ದಾಖಲೆಗಳನ್ನು ಮತ್ತೆ ತೆಗೆದು ನೋಡಿದರು. ನೌಕೆ ಅಲ್ಲಿಗೆ ತಲುಪುವುದಕ್ಕೆ ಸ್ವಲ್ಪ ಮುಂಚೆ ಸೂರ್ಯನಿಂದ ಬಂದ ಕಣಗಳ ಜೋರು ಗಾಳಿ ಆ ಕ್ಷೇತ್ರವನ್ನು ಹಿಸುಕಿಬಿಟ್ಟಿತ್ತು. ಅಂಥ ಸ್ಥಿತಿ ಅಲ್ಲಿ ಇರುವುದು ನೂರರಲ್ಲಿ ನಾಲ್ಕು ಪಾಲು ಸಮಯ ಮಾತ್ರವಂತೆ.

ಬಿಸಿಯದ್ದೂ ಇದೇ ಕಥೆ. ಗುರು, ಶನಿ, ನೆಪ್ಚೂನ್ ಸೂರ್ಯನಿಂದ ಪಡೆಯುವುದಕ್ಕಿಂತ ಬಹಳ ಜಾಸ್ತಿ ಶಾಖ ಹೊರಬಿಡುತ್ತವೆ. ಯುರೇನಸ್ ಮಾತ್ರ ಬಂದಷ್ಟನ್ನೇ ಬಿಡುತ್ತದೆ, ಒಳಗೆ ತಣ್ಣಗಾಗಿದೆ ಅಂತ 1986ರಿಂದ ನಂಬಿದ್ದೆವು. ಹಲವು ದಶಕಗಳ ಅಳತೆ ಸೇರಿಸಿ ನೋಡಿದ 2025ರ ಅಧ್ಯಯನಗಳ ಪ್ರಕಾರ ಅದು ಶೇ 12ರಿಂದ 15ರಷ್ಟು ಹೆಚ್ಚೇ ಬಿಡುತ್ತಿದೆ. ಅಂದರೆ ಒಳಗೆ ಹಳೆಯ ಶಾಖ ಇನ್ನೂ ಉಳಿದಿದೆ. ಹೊರಗಿನ ವಾತಾವರಣದಲ್ಲಿ ಮಾತ್ರ ಮೈನಸ್ 224 ಡಿಗ್ರಿಯವರೆಗೂ ಚಳಿ.

ದಿನದ ಉದ್ದ 17 ಗಂಟೆ 14 ನಿಮಿಷ 24 ಸೆಕೆಂಡ್ ಎಂದು ವಾಯೇಜರ್ ಅಳೆದಿತ್ತು. ಹಬಲ್ ದೂರದರ್ಶಕ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನ ಧ್ರುವಪ್ರಭೆಯನ್ನು (ಕಾಂತಕ್ಷೇತ್ರದ ಧ್ರುವಗಳ ಬಳಿ ವಾತಾವರಣದಲ್ಲಿ ಮೂಡುವ ಬೆಳಕು) ಗಮನಿಸಿದ ಮೇಲೆ, 2025ರಲ್ಲಿ ಅದಕ್ಕೆ 28 ಸೆಕೆಂಡ್ ಸೇರಿತು. ಬಣ್ಣ ಮಾತ್ರ ಹೆಚ್ಚು ಬದಲಾಗಿಲ್ಲ. ಹೈಡ್ರೋಜನ್, ಹೀಲಿಯಂ ಜೊತೆಗಿರುವ ಮೀಥೇನ್ ಅನಿಲ ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ತಿಳಿ ಹಸಿರು ನೀಲಿ ಕಾಣುತ್ತದೆ. ಅಷ್ಟರಲ್ಲಿ 27ಕ್ಕೆ ಏರಿದ್ದ ಚಂದ್ರರ ಪಟ್ಟಿಗೆ 2024ರಲ್ಲಿ 28ನೆಯದು ಸೇರಿತು. 2025ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ 29ನೆಯದು ಸಿಕ್ಕಿತು. ಅದರ ಅಗಲ ಬರೀ ಹತ್ತು ಕಿಲೋಮೀಟರ್ ಇರಬಹುದು. ಇಲ್ಲಿಂದ ನೋಡಿ ಅಷ್ಟು ಸಣ್ಣದನ್ನು ಹಿಡಿಯುವುದೇ ದೊಡ್ಡ ಸಾಧನೆ.

ಉಳಿದ ಪ್ರಶ್ನೆಗಳಿಗೆ ಅಲ್ಲಿಗೇ ಹೋಗಬೇಕು. 2022ರಲ್ಲಿ ಅಮೆರಿಕದ ವಿಜ್ಞಾನಿಗಳು ಮುಂದಿನ ಹತ್ತು ವರ್ಷದ ಆದ್ಯತೆ ಪಟ್ಟಿ ಮಾಡಿದಾಗ, ದೊಡ್ಡ ಯೋಜನೆಗಳಲ್ಲಿ ಯುರೇನಸ್ ಸುತ್ತುವ ನೌಕೆಗೆ ಮೊದಲ ಸ್ಥಾನ ಕೊಟ್ಟರು. ಜೊತೆಗೆ ವಾತಾವರಣದೊಳಕ್ಕೆ ಇಳಿಯುವ ಒಂದು ಉಪಕರಣವೂ ಇರುತ್ತದೆ. 2030ರ ದಶಕದಲ್ಲಿ ಹೊರಟರೂ ದಾರಿಗೇ ಹನ್ನೆರಡು ಹದಿಮೂರು ವರ್ಷ ಬೇಕು. ಹಣ ಇನ್ನೂ ಪೂರ್ತಿ ಹೊಂದಿಲ್ಲ.

ಅಲ್ಲಿಯ ತನಕ ನಾವು ಇಲ್ಲಿಂದಲೇ ನೋಡಬಹುದು. ಈ ವರ್ಷಗಳಲ್ಲಿ ಯುರೇನಸ್ ವೃಷಭ ಪುಂಜದಲ್ಲಿ, ಕೃತ್ತಿಕೆಗೂ ರೋಹಿಣಿಗೂ ನಡುವಿನ ಜಾಗದಲ್ಲಿದೆ. ಫ್ಲ್ಯಾಮ್‌ಸ್ಟೀಡ್ 1690ರಲ್ಲಿ ನಕ್ಷತ್ರ ಎಂದು ಬರೆದುಕೊಂಡಿದ್ದೂ ಸುಮಾರು ಅಲ್ಲೇ. ಅಲ್ಲಿಂದ 2026ಕ್ಕೆ 336 ವರ್ಷ, ಸರಿಯಾಗಿ ನಾಲ್ಕು ಸುತ್ತು. ಮಳೆ ಹೊರಟು, ತೋಟಗಳಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್ ಕೊನೆ ಒಳ್ಳೆಯ ಸಮಯ. ಆಗ ಅದು ಭೂಮಿಗೆ ಹತ್ತಿರ ಇರುತ್ತದೆ, ರಾತ್ರಿಯಿಡೀ ಆಕಾಶದಲ್ಲಿರುತ್ತದೆ. ಮೂಡಿಗೆರೆ, ಸಕಲೇಶಪುರದ ಒಳಗಿನ ಹಳ್ಳಿಗಳ ಕತ್ತಲಲ್ಲಿ ಕಣ್ಣು ಚುರುಕಿದ್ದವರಿಗೆ ಬರಿಗಣ್ಣಿಗೂ ಸಿಗಬಹುದು. ಹಾಸನ ಪೇಟೆಯ ಬೆಳಕಿನಲ್ಲಿ ಬೈನಾಕ್ಯುಲರ್ ಬೇಕೇ ಬೇಕು. ಕೃತ್ತಿಕೆಯ ಕೆಳಗಿನ ಚುಕ್ಕಿಗಳನ್ನೆಲ್ಲ ಮಕ್ಕಳ ಕೈಯಲ್ಲಿ ಒಂದು ಹಾಳೆಯ ಮೇಲೆ ಗುರುತು ಹಾಕಿಸಿ. ಎರಡು ವಾರ ಬಿಟ್ಟು ಮತ್ತೆ ನೋಡಿ ಹೋಲಿಸಿ. ಹುಣ್ಣಿಮೆ ಚಂದ್ರನ ಅಗಲದಷ್ಟು ಪಕ್ಕಕ್ಕೆ ಸರಿದ ಚುಕ್ಕಿಯೇ ಯುರೇನಸ್.