ಕಾಲೇಜು ಅಧ್ಯಾಪಕರ ಬೋಧನಾ ತರಬೇತಿ: ಬಡ್ತಿಯ ಷರತ್ತಿನಿಂದ ತರಗತಿಯ ಒಳಗೆ

ಶಾಲೆಯಲ್ಲಿ ಪಾಠ ಹೇಳುವವರಿಗೆ ಶಿಕ್ಷಕ ತರಬೇತಿ ಆಗಿರಲೇಬೇಕೆಂಬ ನಿಯಮ ಹೆಚ್ಚಿನ ದೇಶಗಳಲ್ಲಿ ಉಂಟು. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಅಂಥ ನಿಯಮ ಇರುವುದು ಅಪರೂಪ. ಸ್ನಾತಕೋತ್ತರ ಪದವಿಯೋ ಪಿಎಚ್‌.ಡಿ.ಯೋ ಇದ್ದರೆ, ಆಯ್ಕೆ ಸಮಿತಿಯ ಮುಂದೆ ವಿಷಯಜ್ಞಾನವನ್ನು ತೋರಿಸಿಕೊಟ್ಟರೆ, ಮಾರನೆಯ ದಿನವೇ ನೂರು ವಿದ್ಯಾರ್ಥಿಗಳ ಎದುರು ನಿಲ್ಲಬಹುದು. ವಿಷಯ ಬಲ್ಲವನಿಗೆ ಅದನ್ನು ಕಲಿಸಲೂ ಬರುತ್ತದೆ ಎಂಬ ನಂಬಿಕೆಯ ಮೇಲೆ ವಿಶ್ವವಿದ್ಯಾಲಯಗಳು ಬಹುಕಾಲ ನಡೆದುಬಂದಿವೆ. ಅಧ್ಯಾಪಕರ ವೃತ್ತಿ ಅಭಿವೃದ್ಧಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ನಂಬಿಕೆ ನಿಧಾನವಾಗಿ ಸಡಿಲಗೊಂಡ ಕತೆಯೇ.

ಆರಂಭದ ವ್ಯವಸ್ಥೆಗಳು ಈ ನಂಬಿಕೆಯನ್ನು ಪ್ರಶ್ನಿಸಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯವು 1880ರಲ್ಲಿ ಪ್ರಾಧ್ಯಾಪಕರಿಗೆ ಏಳು ವರ್ಷಕ್ಕೊಮ್ಮೆ ಅಧ್ಯಯನ ರಜೆ ಕೊಡುವ ಪದ್ಧತಿಯನ್ನು ತಂದಾಗ ಅದರ ಉದ್ದೇಶ ಪ್ರಾಧ್ಯಾಪಕರ ವಿದ್ವತ್ತು ಬೆಳೆಯಲಿ ಎಂಬುದಷ್ಟೇ ಆಗಿತ್ತು. ಸಂಶೋಧನೆಗೆ ಸಮಯ, ಸಮ್ಮೇಳನಕ್ಕೆ ಪ್ರಯಾಣ ಭತ್ಯೆ, ಗ್ರಂಥಾಲಯಕ್ಕೆ ಅನುದಾನ ಇವೆಲ್ಲ ಅದೇ ದಾರಿಯಲ್ಲಿ ಬಂದವು. ತರಗತಿಯಲ್ಲಿ ಏನು ನಡೆಯುತ್ತದೆ ಎಂದು ಹೊರಗಿನವರು ಕೇಳುವುದು ಅಧ್ಯಾಪಕರ ಸ್ವಾತಂತ್ರ್ಯಕ್ಕೆ ಕೈಹಾಕಿದಂತೆ ಎಂಬ ಸಂಕೋಚವೂ ಇತ್ತು.

ಆ ಸಂಕೋಚ 1960ರ ದಶಕದಲ್ಲಿ ಮುರಿಯಿತು. ಎರಡನೆಯ ಮಹಾಯುದ್ಧದ ನಂತರ ಉನ್ನತ ಶಿಕ್ಷಣದ ಬಾಗಿಲು ದೊಡ್ಡದಾಗಿ ತೆರೆದು, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ತರಗತಿಗಳನ್ನು ತುಂಬಿದ್ದರು. ಆ ದಶಕದ ಕೊನೆಯ ವಿದ್ಯಾರ್ಥಿ ಚಳವಳಿಗಳು ನೀರಸ ಉಪನ್ಯಾಸಗಳ ವಿರುದ್ಧವೂ ದನಿಯೆತ್ತಿದವು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1962ರಲ್ಲಿ ಬೋಧನೆ ಮತ್ತು ಕಲಿಕೆಯ ಸಂಶೋಧನೆಗೆಂದೇ ಒಂದು ಕೇಂದ್ರವನ್ನು ತೆರೆಯಿತು. ಮುಂದಿನ ದಶಕದಲ್ಲಿ ಅಂಥ ಕೇಂದ್ರಗಳು ಹಲವೆಡೆ ಹುಟ್ಟಿಕೊಂಡವು. ಅಧ್ಯಾಪಕರ ಪಾಠವನ್ನು ವಿಡಿಯೊದಲ್ಲಿ ಚಿತ್ರಿಸಿ, ಅವರ ಜೊತೆಗೇ ಕುಳಿತು ನೋಡಿ, ವಿದ್ಯಾರ್ಥಿಗಳ ಅಭಿಪ್ರಾಯವನ್ನೂ ಸೇರಿಸಿ ಚರ್ಚಿಸುವ ಕ್ರಮ ಬಳಕೆಗೆ ಬಂದದ್ದು ಆಗಲೇ. ಆದರೂ ಗಮನವೆಲ್ಲ ವೇದಿಕೆಯ ಮೇಲಿನ ವ್ಯಕ್ತಿಯ ಕಡೆಗೇ ಇತ್ತು: ದನಿ ಸ್ಪಷ್ಟವಿದೆಯೇ, ಕರಿಹಲಗೆಯ ಬಳಕೆ ಸರಿಯಿದೆಯೇ, ಉದಾಹರಣೆಗಳು ಚೆನ್ನಾಗಿವೆಯೇ. ಎದುರಿಗೆ ಕುಳಿತವರ ತಲೆಯಲ್ಲಿ ಏನಾಗುತ್ತಿದೆ ಎಂಬ ಪ್ರಶ್ನೆ ಇನ್ನೂ ಮುನ್ನೆಲೆಗೆ ಬಂದಿರಲಿಲ್ಲ.

ಆ ಪ್ರಶ್ನೆಯನ್ನು ಎತ್ತಿದವರಲ್ಲಿ ಭೌತಶಾಸ್ತ್ರದ ಅಧ್ಯಾಪಕರು ಮುಖ್ಯರು. ಈ ಭಾಗವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ರಾಹಿಂ ಹಲ್ಲೂನ್ ಮತ್ತು ಡೇವಿಡ್ ಹೆಸ್ಟೆನಿಸ್ 1985ರಲ್ಲಿ ಒಂದು ಪರೀಕ್ಷೆಯ ವಿವರಗಳನ್ನು ಪ್ರಕಟಿಸಿದರು. ಅದರಲ್ಲಿ ಲೆಕ್ಕ ಮಾಡುವ ಅಗತ್ಯವಿರಲಿಲ್ಲ. ಬಲ ಮತ್ತು ಚಲನೆಯ ಬಗ್ಗೆ ಮಾತಿನಲ್ಲೇ ಇದ್ದ ಸರಳ ಪ್ರಶ್ನೆಗಳಿದ್ದವು. ಹಾರ್ವರ್ಡ್‌ನ ಎರಿಕ್ ಮಜೂರ್ ಅದನ್ನು ಓದಿ, ತಮ್ಮ ವಿದ್ಯಾರ್ಥಿಗಳಿಗೆ ಇದೇನು ಕಷ್ಟವಾಗದು ಎಂದುಕೊಂಡೇ ಆ ಬಗೆಯ ಪ್ರಶ್ನೆಗಳನ್ನು ತಮ್ಮ ತರಗತಿಯಲ್ಲಿ ಕೊಟ್ಟರು. ಭಾರದ ಲಾರಿಯೊಂದು ಹಗುರ ಕಾರಿಗೆ ಡಿಕ್ಕಿ ಹೊಡೆದಾಗ ಯಾವುದು ಯಾವುದರ ಮೇಲೆ ಹೆಚ್ಚು ಬಲ ಪ್ರಯೋಗಿಸುತ್ತದೆ ಎಂಬುದು ಅಂಥದೊಂದು ಪ್ರಶ್ನೆ. ಎರಡೂ ಪರಸ್ಪರ ಸಮಾನ ಬಲವನ್ನೇ ಪ್ರಯೋಗಿಸುತ್ತವೆ ಎಂಬುದು ನ್ಯೂಟನ್ನನ ಮೂರನೆಯ ನಿಯಮ. ಆ ನಿಯಮವನ್ನು ಬಾಯಿಪಾಠವಾಗಿ ಹೇಳಬಲ್ಲ, ಅದನ್ನು ಬಳಸಿ ಕಠಿಣ ಲೆಕ್ಕಗಳನ್ನು ಬಿಡಿಸಬಲ್ಲ ವಿದ್ಯಾರ್ಥಿಗಳಲ್ಲೇ ಅನೇಕರು ಲಾರಿಯ ಬಲವೇ ಹೆಚ್ಚೆಂದು ಬರೆದರು. ನೀವು ಹೇಳಿಕೊಟ್ಟಂತೆ ಉತ್ತರಿಸಬೇಕೋ, ನಮಗೆ ನಿಜವಾಗಿ ಅನಿಸಿದಂತೆ ಉತ್ತರಿಸಬೇಕೋ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದನ್ನು ಮಜೂರ್ ಹಲವೆಡೆ ಹೇಳಿಕೊಂಡಿದ್ದಾರೆ. ವಿದ್ಯಾರ್ಥಿಗಳು ಮೆಚ್ಚುವ, ಒಳ್ಳೆಯ ಅಂಕಗಳನ್ನೂ ತರುವ ಉಪನ್ಯಾಸವು ತಿಳಿವಳಿಕೆಯನ್ನು ಮುಟ್ಟದೆಯೇ ಹೋಗಬಹುದು ಎಂಬುದು ಇಲ್ಲಿ ಬಯಲಾಯಿತು. 1991ರಿಂದ ಅವರು ಪಾಠದ ನಡುನಡುವೆ ಪ್ರಶ್ನೆ ಕೊಟ್ಟು, ಮೊದಲು ಒಬ್ಬೊಬ್ಬರೇ ಉತ್ತರಿಸಿ, ಬಳಿಕ ಪಕ್ಕದವರೊಡನೆ ವಾದಿಸಿ ಮತ್ತೆ ಉತ್ತರಿಸುವ ಸಹಪಾಠಿ ಬೋಧನೆಯ ಕ್ರಮವನ್ನು ರೂಢಿಸಿದರು.

ಇದೇ ಹೊತ್ತಿಗೆ ಇತರ ಕಡೆಗಳಿಂದಲೂ ಬೆಂಬಲ ಬಂದಿತು. ಒಂದು ವಿಷಯವನ್ನು ಬಲ್ಲುದಕ್ಕಿಂತ ಆ ವಿಷಯವನ್ನು ಕಲಿಸಲು ಬೇಕಾದ ಜ್ಞಾನವೇ ಬೇರೆ, ಯಾವ ಪರಿಕಲ್ಪನೆಯಲ್ಲಿ ವಿದ್ಯಾರ್ಥಿ ಎಡವುತ್ತಾನೆ ಎಂಬುದು ಅದರ ತಿರುಳು ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದ್ದರು. 1990ರಲ್ಲಿ ಅಲ್ಲಿನವರೇ ಆದ ಇನ್ನೊಬ್ಬ ಶಿಕ್ಷಣತಜ್ಞ ಅರ್ನೆಸ್ಟ್ ಬೋಯರ್, ಸಂಶೋಧನೆಯಂತೆ ಬೋಧನೆಯನ್ನೂ ವಿದ್ವತ್ತಿನ ಒಂದು ಬಗೆಯೆಂದು ಪರಿಗಣಿಸಬೇಕೆಂದರು. ಬ್ರಿಟನ್ನಿನಲ್ಲಿ 1997ರ ಡಿಯರಿಂಗ್ ಸಮಿತಿಯ ವರದಿ ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಬೋಧನಾ ತರಬೇತಿ ಮತ್ತು ಮಾನ್ಯತೆಯ ವ್ಯವಸ್ಥೆಯನ್ನು ಶಿಫಾರಸು ಮಾಡಿತು. ನಾರ್ವೆ 2019ರಲ್ಲಿ ಕನಿಷ್ಠ 200 ಗಂಟೆಗಳ ಬೋಧನಾ ಶಿಕ್ಷಣವನ್ನು ನಿಗದಿಪಡಿಸಿತು.

ಭಾರತವು ಈ ವಿಚಾರದಲ್ಲಿ ಹಿಂದೆ ಬಿದ್ದಿತ್ತೆಂದು ಹೇಳುವುದು ನ್ಯಾಯವಲ್ಲ. 1948–49ರ ರಾಧಾಕೃಷ್ಣನ್ ಆಯೋಗವೇ ಇಂಟರ್‌ಮೀಡಿಯೆಟ್ ಕಾಲೇಜುಗಳ ಅಧ್ಯಾಪಕರಿಗೆ ಪುನಶ್ಚೇತನ ಕೋರ್ಸುಗಳ ಅಗತ್ಯವನ್ನು ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) ಅಧ್ಯಾಪಕರ ತರಬೇತಿಗೆಂದು ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಆರಂಭಿಸಿತು. ಅವುಗಳಿಗೆ 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದು ಹೆಸರು ಬದಲಾಯಿತು, 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕಾರ್ಯಕ್ರಮದ ಅಡಿ ಮತ್ತೊಮ್ಮೆ ಬದಲಾಯಿತು. ಇಷ್ಟು ದೊಡ್ಡ ದೇಶದಲ್ಲಿ, ಸರ್ಕಾರದ ಖರ್ಚಿನಲ್ಲಿ, ಕಾಲೇಜು ಅಧ್ಯಾಪಕರಿಗೆಂದೇ ಸ್ಥಾಯಿ ವ್ಯವಸ್ಥೆ ಕಟ್ಟಿದ್ದು ಸಣ್ಣ ಸಾಧನೆಯಲ್ಲ. ತೊಡಕು ಇರುವುದು ಬೇರೆಡೆ. ಓರಿಯೆಂಟೇಶನ್ ಮತ್ತು ರಿಫ್ರೆಶರ್ ಕೋರ್ಸುಗಳನ್ನು ಬಡ್ತಿಯ ಷರತ್ತಾಗಿಸಿದ್ದರಿಂದ ಎಲ್ಲರೂ ಬರುವುದು ಖಾತ್ರಿಯಾಯಿತು, ಆದರೆ ಪ್ರಮಾಣಪತ್ರವೇ ಗುರಿಯಾಗುವ ಅಪಾಯವೂ ಜೊತೆಗೇ ಬಂದಿತು. ಇತಿಹಾಸ, ವಾಣಿಜ್ಯ, ರಸಾಯನಶಾಸ್ತ್ರದವರೆಲ್ಲ ಒಟ್ಟಿಗೆ ಕುಳಿತು ಮೂರು ನಾಲ್ಕು ವಾರ ಉಪನ್ಯಾಸ ಕೇಳಿ ಊರಿಗೆ ಮರಳಿದ ಮೇಲೆ, ತಮ್ಮ ತರಗತಿಯಲ್ಲಿ ಏನನ್ನು ಬದಲಿಸಿದರು ಎಂದು ವಿಚಾರಿಸುವ ಏರ್ಪಾಡು ಆ ಚೌಕಟ್ಟಿನಲ್ಲಿ ದುರ್ಬಲವಾಗಿತ್ತು. ಉಪನ್ಯಾಸ ಕಡಿಮೆ ಮಾಡಿ ಎಂಬುದನ್ನೂ ಉಪನ್ಯಾಸದ ಮೂಲಕವೇ ಹೇಳಿದರೆ ಅಧ್ಯಾಪಕರು ಕೊನೆಗೆ ಅನುಸರಿಸುವುದು ತಾವು ಕಂಡದ್ದನ್ನೇ.

ಹಾಗಾದರೆ ತರಬೇತಿಯಿಂದ ಪ್ರಯೋಜನವಿದೆಯೇ? ಗ್ರಹಾಂ ಗಿಬ್ಸ್ ಮತ್ತು ಮಾರ್ಟಿನ್ ಕಾಫಿ 2004ರಲ್ಲಿ ಪ್ರಕಟಿಸಿದ, 8 ದೇಶಗಳ 22 ವಿಶ್ವವಿದ್ಯಾಲಯಗಳನ್ನು ಒಳಗೊಂಡ ಅಧ್ಯಯನವು ಇದೆ ಎನ್ನುತ್ತದೆ. ತರಬೇತಿ ಪಡೆದವರು ವಿದ್ಯಾರ್ಥಿ ಕೇಂದ್ರಿತ ಕ್ರಮಗಳ ಕಡೆಗೆ ವಾಲಿದರೆ, ತರಬೇತಿಯಿಲ್ಲದ ಹೊಸಬರು ಇದ್ದಲ್ಲೇ ಉಳಿದರು ಅಥವಾ ಹಿಂದಕ್ಕೆ ಸರಿದರು. ಅಂದರೆ ಅನುಭವವೊಂದೇ ಅಧ್ಯಾಪಕರನ್ನು ತಿದ್ದುವುದಿಲ್ಲ. ಸುತ್ತಲಿನ ವಿಭಾಗದ ಹಳೆಯ ರೂಢಿ ಅವರನ್ನು ತನ್ನತ್ತ ಎಳೆಯುತ್ತದೆ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತ ಬೋಧನೆಯ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಯ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರ ಪ್ರಮಾಣ ಸುಮಾರು ಶೇ 34 ಇದ್ದದ್ದು ವಿದ್ಯಾರ್ಥಿಗಳನ್ನು ತೊಡಗಿಸಿಕೊಳ್ಳುವ ತರಗತಿಗಳಲ್ಲಿ ಸುಮಾರು ಶೇ 22 ಇತ್ತು. ಆದರೂ ಬದಲಾವಣೆ ನಿಧಾನ. ಅದಕ್ಕೊಂದು ಕಾರಣವನ್ನು ಹಾರ್ವರ್ಡ್‌ನಲ್ಲೇ ನಡೆದ 2019ರ ಅಧ್ಯಯನ ತೋರಿಸಿತು: ತೊಡಗಿಸಿಕೊಳ್ಳುವ ಕ್ರಮದಲ್ಲಿ ವಿದ್ಯಾರ್ಥಿಗಳು ಹೆಚ್ಚು ಕಲಿತರೂ, ಶ್ರಮ ಹೆಚ್ಚಾದ್ದರಿಂದ ತಾವು ಕಡಿಮೆ ಕಲಿತೆವೆಂದೇ ಭಾವಿಸಿದರು. ವಿದ್ಯಾರ್ಥಿಗಳ ಅಭಿಪ್ರಾಯವನ್ನಷ್ಟೇ ನೆಚ್ಚಿ ಅಧ್ಯಾಪಕರನ್ನು ಅಳೆಯುವ ಕಾಲೇಜಿನಲ್ಲಿ, ಒಳ್ಳೆಯ ಪ್ರಯೋಗಕ್ಕೆ ಕೈಹಾಕಿದವರೇ ಕಡಿಮೆ ಅಂಕ ಪಡೆಯುವ ಸಂಭವವಿದೆ. ಇದು ಗಂಭೀರವಾದ ಅನ್ಯಾಯ.

ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಕೊಲರಾಡೊ ಮತ್ತು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಹಿಡಿದ ದಾರಿ. ಅಲ್ಲಿ ಅಧ್ಯಾಪಕರನ್ನು ತರಬೇತಿ ಕೇಂದ್ರಕ್ಕೆ ಕಳುಹಿಸುವ ಬದಲು, ಅದೇ ವಿಷಯದಲ್ಲಿ ಪಿಎಚ್‌.ಡಿ. ಮಾಡಿ ಕಲಿಕೆಯ ಸಂಶೋಧನೆಯನ್ನೂ ಅರಿತ ಯುವ ವಿದ್ವಾಂಸರನ್ನು ವಿಭಾಗಗಳೊಳಗೇ ನೇಮಿಸಲಾಯಿತು. ಅವರು ಅಧ್ಯಾಪಕರೊಡನೆ ಕುಳಿತು ಒಂದೊಂದೇ ಕೋರ್ಸನ್ನು ಕೈಗೆತ್ತಿಕೊಂಡು, ವಿದ್ಯಾರ್ಥಿ ಕೊನೆಗೆ ಏನನ್ನು ಮಾಡಬಲ್ಲವನಾಗಬೇಕು, ಈಗ ಏನನ್ನು ಕಲಿಯುತ್ತಿದ್ದಾನೆ, ಯಾವ ಕ್ರಮದಿಂದ ಅದು ಸುಧಾರಿಸೀತು ಎಂಬ ಪ್ರಶ್ನೆಗಳನ್ನು ಹಂತಹಂತವಾಗಿ ಬಿಡಿಸುತ್ತಿದ್ದರು. ಅಂಥ ಕೆಲಸಕ್ಕೆ ಹಣ ಬೇಕು. ಅದಕ್ಕಿಂತ ಹೆಚ್ಚಾಗಿ ಅಧ್ಯಾಪಕರ ಸಮಯ ಬೇಕು. 2020ರ ನಂತರ ತರಬೇತಿಯ ದೊಡ್ಡ ಪಾಲು ಆನ್‌ಲೈನ್‌ಗೆ ಸರಿದು, ಹಾಜರಾಗುವುದು ಸುಲಭವಾಗಿದೆ. ಆದರೆ ಸಹೋದ್ಯೋಗಿಯ ತರಗತಿಯಲ್ಲಿ ಕುಳಿತು ನೋಡುವ, ಉತ್ತರ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ವಿಭಾಗದವರೆಲ್ಲ ಚರ್ಚಿಸುವ ಗಂಟೆಗಳನ್ನು ಕಾರ್ಯಭಾರದ ಲೆಕ್ಕಕ್ಕೆ ಸೇರಿಸದಿದ್ದರೆ, ಈಗಾಗಲೇ ತುಂಬಿರುವ ವೇಳಾಪಟ್ಟಿಯಲ್ಲಿ ಅವುಗಳಿಗೆ ಜಾಗ ಸಿಗುವುದು ಕಷ್ಟ.